ಸಾಸಿವೆಯ ಹಗ್ಗ

ನಾಲ್ಕನೆಯ ದೀಪದ ಕಂಬದ ಹತ್ತಿರ ಅವನು ನಿಂತು ಆಗಲೇ ಏಳು ನಿಮಿಷವಾಗಿತ್ತು. ನಿಲ್ಲಿಸಿದ್ದು ನಾಯಿ. ಆದರೆ ರಸ್ತೆಯಲ್ಲಿ ಹೋಗಿಬರುವವರಿಗೆ ನಾಯಿ ಕಾಣುತ್ತಿರಲಿಲ್ಲ, ಅದು ಅಷ್ಟು ಚಿಕ್ಕದು. ಕಾಣುತ್ತಿದ್ದದ್ದು ಐವತ್ತೇಳು ವರ್ಷದ ಒಬ್ಬ ಗಂಡಸು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಲಗೈ ಮುಂದೆ ಚಾಚಿ, ಹಲ್ಲು ಕಚ್ಚಿಕೊಂಡು, ಬೆಳಗಿನ ಏಳು ಗಂಟೆಗೆ ಗಾಳಿಯ ಜೊತೆ ಜಗಳಕ್ಕೆ ನಿಂತಿರುವುದು. ಹಗ್ಗದ ಆ ತುದಿಯಲ್ಲಿ ಸಾಸಿವೆ ಮುಂಗಾಲೆರಡನ್ನೂ ಎತ್ತಿಕೊಂಡು ಕೆಮ್ಮುತ್ತಿತ್ತು. ಆ ಹೆಸರಿಟ್ಟವಳು ಹೆಂಡತಿ. ಇರುವುದು ಇಷ್ಟೇ ಇಷ್ಟು, ಸ್ವಲ್ಪ ಬಿಸಿ ತಗುಲಿದರೆ ಮನೆಯೆಲ್ಲ ಸಿಡಿಯುತ್ತದೆ ಎಂದು ಆಗ ನಕ್ಕಿದ್ದಳು. ತೂಕ ನಾಲ್ಕು ಕಿಲೋ. ನಾಲ್ಕು ಕಿಲೋದ ಆ ಜೀವ ಮುಂದಕ್ಕೆ ಎಳೆಯಿತು, ಎಪ್ಪತ್ತು ಕಿಲೋದ ಇವನು ಹಿಂದಕ್ಕೆ ಎಳೆದ; ಅದು ಇನ್ನೂ ಜೋರಾಗಿ ಎಳೆಯಿತು, ಇವನೂ ಬಿಡಲಿಲ್ಲ. ಐದು ದಿನದಿಂದ ನಡೆಯುತ್ತಿದ್ದ ಪಾಠ ಇದೇ. ಎದುರುಗಡೆ ಛತ್ರಿಯ ಕೆಳಗೆ ಕೂತು ಬೀಗ ರಿಪೇರಿ ಮಾಡುವವನು ಕೀಲಿ ಉಜ್ಜುವುದನ್ನು ನಿಲ್ಲಿಸಿ, ‘ಯಾರು ಯಾರನ್ನ ಸುತ್ತಾಡಿಸ್ತಿರೋದು ಮೇಷ್ಟ್ರೇ?’ ಎಂದು ಕೂಗಿ ಕೇಳಿದ. ‘ಟ್ರೈನಿಂಗು,’ ಎಂದ ಇವನು, ಆದಷ್ಟು ಗಾಂಭೀರ್ಯದಿಂದ. ‘ಅದಕ್ಕೋ, ನಿಮಗೋ?’ ಎಂದು ಬೀಗದವನು ಮತ್ತೆ ಕೀಲಿ ಉಜ್ಜುವ ಅರ ಕೈಗೆತ್ತಿಕೊಂಡ. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಬೀದಿಯಲ್ಲಿ ಅವನಿಗೆ ಬ್ರೇಕ್ ಮೇಷ್ಟ್ರು ಎಂದು ಹೆಸರು. ಎದುರಿಗೆ ಯಾರೂ ಹಾಗೆ ಅನ್ನುವುದಿಲ್ಲ, ಬೆನ್ನ ಹಿಂದೆ ಅಂದದ್ದು ಎಲ್ಲ ಅವನ ಕಿವಿಗೆ ಬಿದ್ದಿದೆ. ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತವನು. ಆ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ, ಅದರ ಮೇಲಿಟ್ಟ ಬಲಗಾಲನ್ನು ಅವನು ಎಂದೂ ಎತ್ತಿದವನಲ್ಲ. ಬಸ್ಸಿನಲ್ಲಿ ಕೂತರೂ ಕಾಲು ನೆಲ ಒತ್ತುತ್ತದೆ. ಸಿನಿಮಾದಲ್ಲಿ ಕಾರು ಬಂದರೂ ಒತ್ತುತ್ತದೆ. ಒಮ್ಮೆ ನಿದ್ದೆಯಲ್ಲಿ ಒತ್ತಿ ಹೆಂಡತಿಯನ್ನು ಮಂಚದಿಂದ ಕೆಳಗೆ ಬೀಳಿಸಿದ್ದ, ಅವಳು ಅಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಬೀಳಿಸುವುದು ಎಂಬ ಮಾತು ತಲೆಗೆ ಬಂದಕೂಡಲೇ ಅವನು ಕೈಗೆ ಸುತ್ತಿದ್ದ ಹಗ್ಗವನ್ನು ಮತ್ತೊಂದು ಸುತ್ತು ಬಿಗಿಮಾಡಿದ. ಅವಳು ಈಗ ಎರಡು ತಿಂಗಳಿಂದ ಕಿಟಕಿಯ ಪಕ್ಕ ಕುರ್ಚಿಯಲ್ಲಿ, ಎಡಗಾಲು ಸ್ಟೂಲಿನ ಮೇಲೆ. ಹೋದ ವಾರ ಪ್ಲಾಸ್ಟರ್ ಬಿಚ್ಚಿದ್ದರು. ಇನ್ನು ಕೋಲು ಹಿಡಿದು ದಿನಕ್ಕೆ ಅರ್ಧ ಗಂಟೆ ನಡೆಯಬೇಕು ಎಂದಿದ್ದರು ಡಾಕ್ಟರು. ಸಾಸಿವೆಯನ್ನೂ ಕರೆದುಕೊಂಡು ಹೋಗ್ತೀನಿ ಎಂದು ಅವಳು ಅಂದದ್ದೇ ತಡ, ಅವಳ ಅಕ್ಕ ಎದ್ದು ನಿಂತಿದ್ದರು. ಮೂವತ್ತು ವರ್ಷ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು; ಯಾರ ಮನೆಗೆ ಹೋದರೂ ಮೊದಲು ಮಂಚದ ಕಾಲು, ಆಮೇಲೆ ಮನುಷ್ಯರ ಕಾಲು ನೋಡುವವರು. ‘ಒಂದು ಕೈಲಿ ಕೋಲು, ಇನ್ನೊಂದು ಕೈಲಿ ಈ ಪ್ರಾಣಿ. ಮತ್ತೆ ಬಿದ್ರೆ ಮೂಳೆ ಕೂಡೋದಿಲ್ಲ, ಹೇಳಿದೀನಿ. ಗೊತ್ತಿದ್ದವರ ಗೋದಾಮಿದೆ, ಬೊಗಳೋದಕ್ಕೆ ಒಂದು ಬೇಕಂತೆ, ಕಟ್ಟಿ ಹಾಕ್ಕೋತಾರೆ.’ ಹೆಂಡತಿ ಮಡಿಲಲ್ಲಿದ್ದ ಸಾಸಿವೆಯ ಕಿವಿಗಳನ್ನು, ಅದಕ್ಕೆ ಈ ಮಾತು ಕೇಳಿಸಬಾರದು ಎನ್ನುವಂತೆ, ಅಂಗೈಯಿಂದ ಮುಚ್ಚಿದಳು. ಆ ಅಂಗೈ ನೋಡಲಾರದೆ ಅವನ ಬಾಯಿಂದ ಮಾತು ಬಂದುಬಿಟ್ಟಿತ್ತು: ‘ಹತ್ತು ದಿನ ಕೊಡಿ. ಕಲಿಸೋದೇ ನನ್ನ ಕೆಲಸ.’ ‘ಹತ್ತನೇ ದಿನ ಭಾನುವಾರ,’ ಎಂದಿದ್ದರು ಅಕ್ಕ. ‘ಬುಟ್ಟಿ ತರ್ತೀನಿ.’ ಇವತ್ತು ಆರನೆಯ ದಿನ, ನಾಲ್ಕನೆಯ ಕಂಬ.

ನಾಯಿಗೆ ಕಲಿಸುವುದು ಕಷ್ಟವೆಂದು ಅವನಿಗೆ ದುಃಖವಿರಲಿಲ್ಲ. ಕ್ಲಚ್ಚು ಎಂದರೆ ಹಾರನ್ ಒತ್ತುವವರಿಗೂ ಕಲಿಸಿದ್ದಾನೆ. ಅವನನ್ನು ತಿನ್ನುತ್ತಿದ್ದದ್ದು ಬೇರೆ. ಎರಡು ತಿಂಗಳ ಹಿಂದೆ, ಅವಳು ಬಿದ್ದ ಆ ಸಂಜೆ, ಮೂರು ಸಲ ಫೇಲಾಗಿದ್ದ ಒಬ್ಬ ಪೋಸ್ಟ್‌ಮಾಸ್ತರರು ನಾಲ್ಕನೆಯ ಸಲ ಪಾಸಾಗಿದ್ದರು, ಇವನು ಖುಷಿಯಲ್ಲಿ ಬಸ್ಸಿನಿಂದ ಇಳಿದಿದ್ದ. ರಸ್ತೆಯ ಆ ಬದಿ ಅವಳು ನಾಯಿ ಹಿಡಿದುಕೊಂಡು ಬರುತ್ತಿದ್ದಳು. ಹಳದಿ ಸೀರೆ, ಸಂಜೆ ಬಿಸಿಲು, ಏನೋ ಯೋಚಿಸುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಹುಡುಗನಾಗಿದ್ದಾಗ ಬಿಟ್ಟ ಚಾಳಿ ಅದೆಲ್ಲಿಂದ ಬಂತೋ, ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ಸಿಳ್ಳೆ ಹೊಡೆದದ್ದು ಅವಳಿಗೆ. ಕೇಳಿಸಿಕೊಂಡದ್ದು ನಾಯಿ. ಬಾಣದಂತೆ ಹಾರಿತು, ಅವಳ ಕೈಗೆ ಹಗ್ಗ ಸುತ್ತಿಕೊಂಡಿತ್ತು, ಪಾದ ಕಲ್ಲಿನ ಅಂಚಿನಲ್ಲಿ ತಿರುಚಿತು. ಇವನು ಓಡಿಹೋಗಿ ಅವಳನ್ನು ಎತ್ತುವಾಗ ಬಾಯಿಂದ ಬಂದ ಮೊದಲ ಮಾತು, ‘ದರಿದ್ರ ನಾಯಿ!’ ಸಾಸಿವೆ ಬಾಲ ಅಲ್ಲಾಡಿಸುತ್ತ ಅವನ ಮೊಣಕಾಲು ನೆಕ್ಕುತ್ತಿತ್ತು, ಕರೆದದ್ದಕ್ಕೆ ಬಂದಿದ್ದೀನಲ್ಲ ಎಂದು. ಆವತ್ತು ಬೀಗದವನ ಛತ್ರಿ ಮಡಚಿತ್ತು, ನೋಡಿದವರು ಯಾರೂ ಇರಲಿಲ್ಲ. ಆಸ್ಪತ್ರೆಯಲ್ಲಿ ಅಕ್ಕ, ‘ಅದ್ಯಾಕೆ ಹಾಗೆ ಎಳೀತು?’ ಎಂದು ಕೇಳಿದಾಗ ಅವನು, ‘ಬೆಕ್ಕು ಅನ್ಸುತ್ತೆ,’ ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ‘ಯಾವ ಬೆಕ್ಕು?’ ಎಂದರು ಅಕ್ಕ, ವಾರ್ಡಿನಲ್ಲಿ ಜ್ವರ ಎಷ್ಟು ಎಂದು ಕೇಳುವವರ ಹಾಗೆ. ‘ಬೂದು ಬಣ್ಣದ್ದು.’ ಮರುದಿನ ಯಾರೋ ನೋಡಲು ಬಂದಾಗ ಆ ಬೆಕ್ಕಿಗೆ ಒಂದು ಕಿವಿ ಹರಿದಿತ್ತು. ವಾರ ಕಳೆಯುವುದರೊಳಗೆ ಅದು ಔಷಧಿ ಅಂಗಡಿಯ ಗೋಡೆಯಿಂದ ಹಾರಿತ್ತು. ಅಕ್ಕ ಆ ಗೋಡೆ ದಾಟುವಾಗಲೆಲ್ಲ ಬೆಕ್ಕಿನ ವಂಶವನ್ನೇ ಜಾಲಾಡುತ್ತಿದ್ದರು. ಹೆಂಡತಿ ಹಾಸಿಗೆಯಲ್ಲಿ ಮಲಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು, ಒಂದು ಸಲವೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಬರಬರುತ್ತ ಅವನೇ ಬೀದಿಯಲ್ಲಿ ಆ ಬೆಕ್ಕನ್ನು ಹುಡುಕತೊಡಗಿದ್ದ. ಸಿಕ್ಕಿಬಿಟ್ಟರೆ ಒಳ್ಳೆಯದಿತ್ತು ಎಂದು ನಿಜವಾಗಿ ಅನ್ನಿಸುತ್ತಿತ್ತು. ಬೀಗದವನನ್ನೂ ಕೇಳಿದ್ದ. ‘ಹದಿನಾಲ್ಕು ವರ್ಷದಿಂದ ಇಲ್ಲೇ ಕೂತಿದೀನಿ ಮೇಷ್ಟ್ರೇ, ಈ ಬೀದೀಲಿ ಬೂದು ಬೆಕ್ಕೇ ಇಲ್ಲ,’ ಎಂದಿದ್ದ ಅವನು.

ಮನೆಗೆ ಬಂದು ಸಾಸಿವೆಯ ಕೊರಳಪಟ್ಟಿ ಬಿಚ್ಚಿದ. ಅದು ನೇರ ಹೋಗಿ ಹೆಂಡತಿಯ ಸ್ಟೂಲಿನ ಕೆಳಗೆ ಬಿದ್ದುಕೊಂಡು ಇವನನ್ನೇ ನೋಡಿತು. ‘ಎಲ್ಲೀವರೆಗೆ ಹೋದ್ರಿ?’ ಎಂದು ಅವಳು ಕೇಳಿದಳು. ‘ನಾಲ್ಕನೇ ಕಂಬ.’ ‘ನಿನ್ನೆ ಐದನೇದು ಅಂದಿದ್ರಿ.’ ‘ಇವತ್ತು ಗಾಳಿ ಜಾಸ್ತಿ ಇತ್ತು.’ ಗಾಳಿಗೂ ಕಂಬಕ್ಕೂ ಏನು ಸಂಬಂಧ ಎಂದು ಅವಳು ಕೇಳಲಿಲ್ಲ. ಕೇಳದೆ ಇರುವುದನ್ನು ಅವಳು ಈ ಎರಡು ತಿಂಗಳಲ್ಲಿ ಎಲ್ಲಿ ಕಲಿತಳೋ. ಮೊದಲೆಲ್ಲ ಉಪ್ಪಿನ ಡಬ್ಬಿ ಒಂದು ಗೇಣು ಆಚೆ ಇಟ್ಟರೂ ವಿಚಾರಣೆ ನಡೆಯುತ್ತಿತ್ತು. ಅವಳ ಬಲಗೈ ಮಣಿಕಟ್ಟಿನ ಮೇಲೆ ಹಗ್ಗ ಸುತ್ತಿದ್ದ ಗುರುತು ಹೋಗಿ ಎಷ್ಟೋ ದಿನವಾಗಿತ್ತು. ಅವನಿಗೆ ಮಾತ್ರ ಅಲ್ಲಿ ಕೆಂಪಗೆ ಇನ್ನೂ ಕಾಣುತ್ತಿತ್ತು.

ಹತ್ತು ಗಂಟೆಗೆ ಹಲ್ಲಿನ ಡಾಕ್ಟರಮ್ಮನ ಪಾಠ. ನಲವತ್ತು ದಾಟಿದ ಹೆಂಗಸು, ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದರು. ಇವನು ಬೈಯುವಾಗಲೆಲ್ಲ ಮುಖ ನೋಡದೆ ಬಾಯಿಯ ಒಳಗೆ ನೋಡುತ್ತಿದ್ದರು, ಅದೊಂದು ಕಿರಿಕಿರಿ. ‘ಮೇಲಿನ ಎಡಗಡೆ ದವಡೆ ಒಂದ್ಸಲ ತೋರಿಸ್ಕೊಳ್ಳಿ ಸರ್,’ ಎಂದು ಹೋದ ವಾರ ಗೇರ್ ಬದಲಿಸುವ ನಡುವೆಯೇ ಹೇಳಿದ್ದರು. ಇವತ್ತು ತಿರುವಿನಲ್ಲಿ ಒಂದು ಸೈಕಲ್ ಎದುರಾಯಿತು, ಕಾರು ಗಕ್ಕನೆ ನಿಂತಿತು. ಡಾಕ್ಟರಮ್ಮ ಸ್ಟೀರಿಂಗ್ ಮೇಲಿನ ಕೈ ತೆಗೆಯದೆ ಕೇಳಿದರು. ‘ಸರ್, ಈಗ ಬ್ರೇಕ್ ಹಾಕಿದ್ದು ನಾನಾ, ನೀವಾ?’ ಅವನು ಕಾಲು ನೋಡಿಕೊಂಡ. ‘ನಾನು.’ ‘ನಾನು ಹಾಕೋದಕ್ಕೇ ಹೋಗ್ತಿದ್ದೆ. ಪ್ರತಿಸಲ ನಾನು ಹಾಕೋದಕ್ಕೆ ಹೋಗ್ತೀನಿ, ನಿಮ್ಮ ಕಾಲು ಮೊದಲೇ ಹೋಗಿರುತ್ತೆ. ಪರೀಕ್ಷೇಲಿ ಪಕ್ಕದಲ್ಲಿ ನಿಮ್ಮ ಕಾಲು ಇರೋದಿಲ್ಲ, ನಾನು ಕಾಯ್ತಾ ಕೂತಿರ್ತೀನಿ.’ ಬೇರೆ ಯಾರು ಅಂದಿದ್ದರೂ ಅವನು ಇಪ್ಪತ್ತೆರಡು ವರ್ಷದ ಅನುಭವವನ್ನು ಮುಂದಿಡುತ್ತಿದ್ದ. ಈಕೆ ತೀರಾ ಸಮಾಧಾನವಾಗಿ, ಹಲ್ಲು ಹುಳುಕಾಗಿದೆ ಎಂದು ಹೇಳುವವರ ಹಾಗೆ ಹೇಳಿದ್ದರು. ಅವನ ಬಾಯಿಂದ ತಾನಾಗಿಯೇ ನಾಯಿಯ ವಿಷಯ ಬಂತು. ಐದು ದಿನ, ನಾಲ್ಕು ಕಿಲೋ, ನಾಲ್ಕನೇ ಕಂಬ. ಡಾಕ್ಟರಮ್ಮ ನಕ್ಕುಬಿಟ್ಟರು. ಅವರ ಮನೆಯಲ್ಲೂ ಒಂದಿತ್ತಂತೆ. ‘ದವಡೇನ ಗಟ್ಟಿಯಾಗಿ ಹಿಡಿದ್ರೆ ಎಂಥವರೂ ಬಾಯಿ ಬಿಗೀತಾರೆ ಸರ್, ಇದೂ ಅಷ್ಟೆ. ನೀವು ಎಳೀತೀರಿ ಅಂತ್ಲೇ ಅದು ಎಳೆಯೋದು. ಹಗ್ಗ ಬಿಗಿಯಾಯ್ತಾ, ನಿಂತ್ಬಿಡಿ. ಎಳೀಬೇಡಿ, ಬೈಬೇಡಿ. ಅದಾಗೇ ತಿರುಗಿ ನೋಡುತ್ತೆ, ಹಗ್ಗ ಸಡಿಲ ಆಗುತ್ತೆ. ಆಗ ಮೊಣಕಾಲ ಹತ್ರ ಒಂದು ಚೂರು ಬಿಸ್ಕತ್ತು ಕೊಡಿ, ನಡೀರಿ.’ ‘ಅಷ್ಟೇನಾ?’ ‘ಅಷ್ಟೆ. ಆದ್ರೆ ತುಂಬಾ ಹೊತ್ತು ನಿಲ್ಬೇಕಾಗುತ್ತೆ.’ ಕಾರು ಮತ್ತೆ ಹೊರಟಿತು. ಕಾಯುವುದರ ಮಾತು ಮುಂದುವರಿದು, ಎರಡು ಹೊತ್ತು ಹಲ್ಲುಜ್ಜುತ್ತೇವೆ ಎಂದು ಸುಳ್ಳು ಹೇಳುವ ರೋಗಿಗಳ ಮೇಲೆ ಬಂದು ನಿಂತಿತು. ‘ಸುಳ್ಳು ಹೇಳೋರು ಕೇಳದೇ ಇರೋ ವಿವರಾನೂ ಕೊಡ್ತಾರೆ ಸರ್. ಬ್ರಷ್ಷಿನ ಬಣ್ಣಾನೂ ಹೇಳ್ತಾರೆ. ನಾನು ಏನೂ ಅನ್ನಲ್ಲ. ಬಾಯೊಳಗೆ ಎಲ್ಲಾ ಕಾಣ್ತಿರುತ್ತಲ್ಲ, ಅವರೇ ಹೇಳ್ಲಿ ಅಂತ ಸುಮ್ನಿರ್ತೀನಿ.’ ಅವನು ಬಾಯಿಗೆ ಕೈ ಅಡ್ಡ ಹಿಡಿದ. ಬೂದು ಬಣ್ಣ, ಹರಿದ ಕಿವಿ, ಔಷಧಿ ಅಂಗಡಿಯ ಗೋಡೆ. ಮುಂದೆ ಸಿಗ್ನಲ್ ಕೆಂಪಾಯಿತು. ಅವನು ಎರಡೂ ಕಾಲನ್ನು ಸೀಟಿನ ಅಡಿಗೆ ಸೇರಿಸಿ ಕೊಕ್ಕೆ ಹಾಕಿಕೊಂಡು ಕೂತ. ಬೆನ್ನಿನಲ್ಲಿ ಬೆವರಿಳಿಯಿತು. ಬಿಳಿಗೆರೆಗೆ ಒಂದು ಅಡಿ ಇರುವಾಗ ಕಾರು ನಿಂತಿತು, ಮೆತ್ತಗೆ, ಯಾರ ತಲೆಯೂ ಅಲ್ಲಾಡದ ಹಾಗೆ. ಡಾಕ್ಟರಮ್ಮ ಅವನತ್ತ ತಿರುಗಿ ಮೊದಲ ಸಲ ಬಾಯಿಯನ್ನಲ್ಲ, ಅವನ ಮುಖವನ್ನು ನೋಡಿದರು.

ಆವತ್ತು ಸಂಜೆ ಅವನು ಜೇಬಿನಲ್ಲಿ ಬಿಸ್ಕತ್ತಿನ ಚೂರು ತುಂಬಿಕೊಂಡು ಹೊರಟ. ಗೇಟು ದಾಟುವುದಕ್ಕೇ ಹನ್ನೊಂದು ನಿಮಿಷ. ಸಾಸಿವೆ ಎಳೆದದ್ದೇ ಇವನು ಗೂಟ ಹೊಡೆದಂತೆ ನಿಂತ. ಅದು ಇನ್ನೂ ಎಳೆಯಿತು, ಇವನು ಆಕಾಶ ನೋಡಿದ. ಹಿಂದಕ್ಕೆ ಜಗ್ಗಬೇಕೆಂದು ತೋಳಿನ ನರಗಳೆಲ್ಲ ಬೇಡಿಕೊಳ್ಳುತ್ತಿದ್ದವು. ಇದೇನು ಕೈ, ತನ್ನದೇ ಕೈ ತನ್ನ ಮಾತು ಕೇಳದಿದ್ದರೆ ನಾಯಿ ಯಾಕೆ ಕೇಳಬೇಕು. ಕೊನೆಗೆ ಸಾಸಿವೆಗೆ ಅನುಮಾನ ಬಂತು. ಈ ಮನುಷ್ಯನಿಗೆ ಏನಾದರೂ ಆಯಿತೇ ಎಂದು ತಿರುಗಿ ನೋಡಿತು. ಹಗ್ಗ ಜೋತುಬಿತ್ತು. ಒಂದು ಚೂರು, ಒಂದು ಹೆಜ್ಜೆ. ಮತ್ತೆ ಎಳೆತ, ಮತ್ತೆ ನಿಲುಗಡೆ. ಹಿಂದೊಮ್ಮೆ ಇವನ ಹತ್ತಿರ ಕಲಿತ ದಂಪತಿ ಕಾರು ನಿಧಾನಿಸಿ, ‘ಸರ್, ಹುಷಾರಾಗಿದೀರಾ? ಮನೆ ಮುಟ್ಟಿಸ್ಬೇಕಾ?’ ಎಂದು ಕೇಳಿದರು. ಔಷಧಿ ಅಂಗಡಿಯವನು ಒಂದು ಲೋಟ ನೀರು ಹಿಡಿದುಕೊಂಡು ಬಂದ. ಪಕ್ಕದ ಬೀದಿಯ ಒಬ್ಬ ಮುದುಕರು ಬಸ್ಸು ಇಲ್ಲೇ ನಿಲ್ಲುತ್ತದೆಂದು ತಿಳಿದು ಅವನ ಹಿಂದೆ ಸಾಲು ನಿಂತರು. ನಾಚಿಕೆ ಮೊದಲ ದಿನ ಕುತ್ತಿಗೆಯವರೆಗೆ ಬಂತು, ಎರಡನೆಯ ದಿನ ಮೊಣಕಾಲವರೆಗೆ, ಶುಕ್ರವಾರದ ಹೊತ್ತಿಗೆ ಅದೂ ಬೇಸತ್ತು ಹೋಯಿತು. ಶನಿವಾರ ಬೆಳಗ್ಗೆ ಸಾಸಿವೆ ಅವನ ಮೊಣಕಾಲಿಗೆ ಅಂಟಿಕೊಂಡು, ಹಗ್ಗ ನಡುವೆ ಜೋಲಿಯ ಹಾಗೆ ತೂಗುತ್ತ, ಹದಿನಾರನೆಯ ಕಂಬದವರೆಗೆ ಹೋಗಿ ಬಂತು. ಬೀಗದವನು ಅರ ಕೆಳಗಿಟ್ಟು, ‘ಅಂತೂ ಮೇಷ್ಟ್ರು ಪಾಸಾದ್ರು,’ ಎಂದ. ಅವನಿಗೆ ಕಣ್ಣು ತುಂಬಿ ಬಂತು, ಧೂಳು ಎಂದುಕೊಂಡ. ಮನೆಗೆ ಬಂದಾಗ ಹೆಂಡತಿ, ‘ಏನಾದ್ರೂ ಹೇಳೋದಿತ್ತಾ?’ ಎಂದು ಕೇಳಿದಳು. ಕಿಟಕಿಯಿಂದ ಎಲ್ಲ ನೋಡಿದ್ದಳು. ಆಗ ಹೇಳಿಬಿಡಬಹುದಿತ್ತು. ಆದರೆ ನಾಯಿ ಕಲಿತಾಯಿತಲ್ಲ, ಗೋದಾಮು ತಪ್ಪಿತಲ್ಲ, ಇನ್ನು ಆ ಸಿಳ್ಳೆಯನ್ನು ಯಾಕೆ ಕೆದಕಬೇಕು ಎಂದು ಒಳಗೊಬ್ಬ ವಕೀಲ ಪಿಸುಗುಟ್ಟಿದ. ‘ಹದಿನಾರನೇ ಕಂಬ,’ ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ.

ಭಾನುವಾರ ಅಕ್ಕ ಹೇಳಿದ ಹೊತ್ತಿಗೇ ಬಂದರು, ಮುಚ್ಚಳವಿರುವ ಬುಟ್ಟಿ ಹಿಡಿದುಕೊಂಡು. ಬುಟ್ಟಿಯೊಳಗೆ ಹಳೆಯ ಟವೆಲನ್ನು ಆಸ್ಪತ್ರೆಯ ಹಾಸಿಗೆಯ ಹಾಗೆ ಮೂಲೆ ಮಡಚಿ ಹಾಸಿದ್ದರು. ಪರೀಕ್ಷೆಯ ನಿಯಮವೂ ಅವರದೇ. ‘ನೀವು ಪಕ್ಕದಲ್ಲಿರಬಾರದು. ರಸ್ತೆ ಆಚೆ ಹೋಗಿ ನಿಂತ್ಕೊಳ್ಳಿ.’ ಅವನು ಹೋಗಿ ಬೀಗದವನ ಛತ್ರಿಯ ಪಕ್ಕ ನಿಂತ. ಎರಡು ತಿಂಗಳ ಹಿಂದೆ ಬಸ್ಸಿಳಿದು ನಿಂತದ್ದು ಇದೇ ಜಾಗ ಎಂದು ನಿಂತ ಮೇಲೆ ಹೊಳೆಯಿತು. ಆಚೆ ಗೇಟು ತೆರೆಯಿತು. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಹಗ್ಗ, ಅವಳು ಹೊರಗೆ ಬಂದಳು. ಅದೇ ಹಳದಿ ಸೀರೆ. ಎಷ್ಟು ಸಣ್ಣಗಾಗಿದ್ದಾಳೆ ಎಂದು ಇಷ್ಟು ದೂರದಿಂದಲೇ ಅವನಿಗೆ ಗೊತ್ತಾದದ್ದು. ಒಂದು ಹೆಜ್ಜೆ, ಕೋಲು, ಇನ್ನೊಂದು ಹೆಜ್ಜೆ. ಸಾಸಿವೆ ಅವಳ ಎಡ ಮೊಣಕಾಲಿನ ಪಕ್ಕ, ತಲೆಯೆತ್ತಿ ಅವಳ ಮುಖ ನೋಡುತ್ತ, ಹೆಜ್ಜೆಗೆ ಹೆಜ್ಜೆ ಕೂಡಿಸಿತು. ಹಗ್ಗ ನೆಲ ಮುಟ್ಟುವಷ್ಟು ಜೋತಿತ್ತು. ಮೂರು ಕಂಬ ದಾಟಿದರು. ಹಿಂದೆ ಬುಟ್ಟಿ ಹಿಡಿದು ಬರುತ್ತಿದ್ದ ಅಕ್ಕ ನಿಂತು, ‘ನಡೆಯೋದೇನೋ ನಡೀತಿದೆ,’ ಎಂದರು. ಅವರ ದನಿ ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳಬೇಕಿದ್ದ ದನಿ, ರಸ್ತೆ ದಾಟಿ ಅವನಿಗೂ ಕೇಳಿಸಿತು. ‘ಆದ್ರೆ ಆ ಬೆಕ್ಕು ಬಂದ್ರೆ? ಎದುರಿಗೆ ಬಂದ್ರೆ ಮತ್ತೆ ಎಳೆಯೋದೇ ತಾನೇ? ಬೆಕ್ಕಿಗೇನು ಟ್ರೈನಿಂಗ್ ಕೊಟ್ಟಿದಾರಾ? ಬೇಡ, ಬೇಡ. ಕೊಡು ಇಲ್ಲಿ, ಬುಟ್ಟೀಲಿ ಹಾಕ್ತೀನಿ.’ ಅವರು ಬಗ್ಗಿ ಬುಟ್ಟಿಯ ಮುಚ್ಚಳ ತೆರೆದರು. ಹೆಂಡತಿ ಹಗ್ಗ ಕೊಡಲಿಲ್ಲ. ರಸ್ತೆಯ ಈಚೆಗೆ, ಅವನ ಕಡೆಗೆ ನೋಡುತ್ತ ನಿಂತಳು.

‘ಬೆಕ್ಕು ಇರಲಿಲ್ಲ!’ ಎಂದು ಅವನು ಕೂಗಿದ. ಸರಿಯಾಗಿ ಅದೇ ಹೊತ್ತಿಗೆ ಒಂದು ಲಾರಿ ಹಾದುಹೋಯಿತು. ಜೀವಮಾನದಲ್ಲೇ ಕಷ್ಟದ ಮಾತು, ಲಾರಿಯ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಯಿತು. ‘ಏನಂತೆ?’ ಎಂದರು ಅಕ್ಕ. ಅವನು ಅಂಗೈಗಳನ್ನು ಬಾಯಿಗೆ ಅಡ್ಡ ಹಿಡಿದು ಮತ್ತೆ ಕೂಗಿದ. ‘ಬೆಕ್ಕೇ ಇರಲಿಲ್ಲ! ಬೂದು ಬೆಕ್ಕು ಸುಳ್ಳು! ಸಿಳ್ಳೆ ಹೊಡೆದೋನು ನಾನು! ನಾಯಿ ಬಂದದ್ದು ನಾನು ಕರೆದೆ ಅಂತ!’ ಔಷಧಿ ಅಂಗಡಿಯವನು ಹೊರಗೆ ಬಂದ. ಎರಡು ಕಿಟಕಿಗಳು ತೆರೆದವು. ‘ಅದನ್ನೇ ನಾನೂ ಅಂದದ್ದು,’ ಎಂದ ಬೀಗದವನು, ತನ್ನಷ್ಟಕ್ಕೆ. ಆಚೆಯಿಂದ ಹೆಂಡತಿಯ ದನಿ ಬಂತು, ಕೂಗಲಿಲ್ಲ, ಆದರೂ ಒಂದೊಂದು ಮಾತೂ ಕೇಳಿಸಿತು. ‘ಮುರಿದದ್ದು ಕಾಲು. ಕಿವಿ ನೆಟ್ಟಗೇ ಇತ್ತು ನಂದು.’ ‘ನೀವೇ ಹೇಳ್ತೀರಿ ಅಂತ ನಿಂತಿದ್ದೆ. ಎರಡು ತಿಂಗಳು,’ ಎಂದಳು. ಅವನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ‘ಈಗ ಹೊಡೀರಿ,’ ಎಂದಳು. ‘ಏನು?’ ‘ಸಿಳ್ಳೆ. ಅಕ್ಕನಿಗೂ ಗೊತ್ತಾಗ್ಲಿ.’ ಬೆರಳು ಬಾಯಿಗಿಟ್ಟ. ತುಟಿ ಒಣಗಿತ್ತು, ಬರೀ ಗಾಳಿ ಬಂತು. ಬೀಗದವನು ನೀರಿನ ಬಾಟಲಿ ಕೊಟ್ಟ. ಎರಡನೆಯ ಸಲ ಸಿಳ್ಳೆ ಬೀದಿಯುದ್ದಕ್ಕೂ ಸೀಳಿಕೊಂಡು ಹೋಯಿತು. ಸಾಸಿವೆಯ ಕಿವಿಗಳು ನೆಟ್ಟಗಾದವು, ಅದು ಜಿಗಿಯಿತು, ಹಗ್ಗ ಬಿಗಿಯಾಯಿತು. ಅವನ ಬಲಗಾಲು ನೆಲವನ್ನು ಒತ್ತಿತು, ಆದಷ್ಟು ಒತ್ತಿತು, ನಡುವೆ ಇಡೀ ರಸ್ತೆಯಿತ್ತು. ಅವಳು ಹಿಂದಕ್ಕೆ ಎಳೆಯಲಿಲ್ಲ. ಕೋಲೂರಿ ಸುಮ್ಮನೆ ನಿಂತಳು. ಅವಳು ಎಷ್ಟು ಚೆನ್ನಾಗಿ ಸುಮ್ಮನೆ ನಿಲ್ಲಬಲ್ಲಳು ಎಂದು ಈಗ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಸಾಸಿವೆ ಇವನನ್ನು ನೋಡಿತು, ತಿರುಗಿ ಅವಳನ್ನು ನೋಡಿತು. ಆಮೇಲೆ ಎರಡು ಹೆಜ್ಜೆ ಹಿಂದೆ ಬಂದು ಅವಳ ಪಾದದ ಪಕ್ಕ ಕೂತಿತು, ಹಗ್ಗ ಸಡಿಲವಾಯಿತು.

‘ಬನ್ನಿ ಈ ಕಡೆ,’ ಎಂದಳು ಹೆಂಡತಿ. ‘ಎರಡೂ ಕಡೆ ನೋಡ್ಕೊಂಡು.’ ಸಾವಿರಾರು ಜನಕ್ಕೆ ತಾನು ಹೇಳಿದ ಮಾತನ್ನು ಹೇಳಿಸಿಕೊಂಡು ಅವನು ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮತ್ತೆ ಬಲಕ್ಕೆ ನೋಡಿ ರಸ್ತೆ ದಾಟಿದ. ಎದುರಿಗೆ ನಿಂತಾಗ ಆಡಬೇಕೆಂದಿದ್ದ ಮಾತೆಲ್ಲ ಕೈಕೊಟ್ಟಿತು, ‘ತಪ್ಪಾಯ್ತು,’ ಎಂಬುದೊಂದೇ ಉಳಿಯಿತು. ಅವಳು ಕೋಲನ್ನು ಅಕ್ಕನ ಕೈಗೆ ಕೊಟ್ಟು ಬಲಗೈಯಿಂದ ಅವನ ತೋಳು ಹಿಡಿದಳು, ಮೆತ್ತಗೆ, ಬಿಡಿಸಿಕೊಳ್ಳಬೇಕೆಂದರೆ ಬಿಡಿಸಿಕೊಳ್ಳಬಹುದಾದಷ್ಟು. ‘ಎಳೀಬೇಡಿ ಮತ್ತೆ,’ ಎಂದಳು. ‘ಹದಿನಾರನೇ ಕಂಬ ನೋಡ್ಬೇಕು ನಾನು.’ ಎಡಕ್ಕೆ ನಾಯಿ, ಬಲಕ್ಕೆ ಅವನು, ಮೂವರೂ ಹೊರಟರು. ಹಿಂದೆ ಅಕ್ಕ ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಖಾಲಿ ಬುಟ್ಟಿ ಹಿಡಿದು ತಮ್ಮಷ್ಟಕ್ಕೆ ಗೊಣಗುತ್ತ ಬಂದರು. ‘ಕಿವಿ ಹರಿದಿತ್ತು ಅಂದಿದ್ರಲ್ಲ... ಎರಡು ತಿಂಗಳು ಅದೆಷ್ಟು ಬೈದೆ ನಾನು... ಪಾಪದ್ದು.’ ಹೆಂಡತಿಯ ಹೆಗಲು ನಗುವಿನಿಂದ ಕುಲುಕಿತು. ಐದನೆಯ ಕಂಬದ ಹತ್ತಿರ ಒಂದು ಸೈಕಲ್ ಅಡ್ಡ ಬಂತು. ಅವನ ಬಲಗಾಲು ಎಂದಿನಂತೆ ನೆಲ ಒತ್ತಲು ಹೋಯಿತು. ಅವಳು ನಿಲ್ಲಲಿಲ್ಲ. ಹಾಗಾಗಿ ಅವನೂ ನಡೆದ.